ಅಪ್ಪನ ಬಂದೂಕಿನ ಮಕ್ಖಿ

ಚುನಾವಣೆ ಬಂತೆಂದರೆ ನಮ್ಮಪ್ಪನ ಮುಖ ಸಪ್ಪಗಾಗುತ್ತದೆ. ಯಾರು ಗೆಲ್ಲುತ್ತಾರೆ ಎಂಬ ಚಿಂತೆಯಲ್ಲ ಅದು. ಮತದಾನದ ದಿನ ಗೊತ್ತಾದ ಕೂಡಲೇ ಪರವಾನಗಿ ಇರುವ ಬಂದೂಕುಗಳನ್ನೆಲ್ಲ ಠಾಣೆಗೆ ಒಪ್ಪಿಸಬೇಕು. ಅಪ್ಪ ತನ್ನ ರೈಫಲ್ಲನ್ನು ಕಂಬಳಿಯಲ್ಲಿ ಸುತ್ತಿಕೊಂಡು ದೇವದುರ್ಗಕ್ಕೆ ಹೋಗಿ, ಕೊಟ್ಟು, ರಸೀದಿ ತೆಗೆದುಕೊಂಡು, ಮಗಳನ್ನು ಗಂಡನ ಮನೆಗೆ ಬಿಟ್ಟು ಬಂದವನ ಹಾಗೆ ಬರುತ್ತಾನೆ. ನಿಜವಾಗಿ ಮಗಳನ್ನು ಗಂಡನ ಮನೆಗೆ ಬಿಟ್ಟು ಬಂದ ದಿನ ಇಷ್ಟು ಸಪ್ಪಗಿರಲಿಲ್ಲ, ಎರಡು ರೊಟ್ಟಿ ಜಾಸ್ತಿಯೇ ತಿಂದ ಎಂದು ಅವ್ವ ಹೇಳುತ್ತಾಳೆ. ನಾನು ಅವರ ಒಬ್ಬಳೇ ಮಗಳು.

ಮತ ಎಣಿಕೆ ಮುಗಿದ ಮೇಲೆ ಬಂದೂಕು ವಾಪಸ್ಸು ಬರುತ್ತದೆ. ಆದರೆ ಹೋದ ಹಾಗೆ ಬರುವುದಿಲ್ಲ. ಠಾಣೆಯ ಸಣ್ಣ ಕೋಣೆಯಲ್ಲಿ ತಾಲೂಕಿನ ಬಂದೂಕುಗಳೆಲ್ಲ ಒಂದಕ್ಕೊಂದು ಆತುಕೊಂಡು ತಿಂಗಳುಗಟ್ಟಲೆ ನಿಂತಿರುತ್ತವೆ. ಯಾರೋ ಒಂದನ್ನು ಎಳೆದರೆ ನಾಲ್ಕು ಬೀಳುತ್ತವೆ.

"ಜ್ವಾಳದ ದಂಟು ಒಟ್ಟಿದಂಗ ಒಟ್ಟಿರ್ತಾರವ್ವಾ. ಕೇಳಿದ್ರ, ನಿಂದೇನು ಬಂಗಾರದ್ದದಾ ಯಜಮಾನ ಅಂತಾರ," ಎಂದು ಅಪ್ಪ ಪ್ರತಿ ಸಲವೂ ಕುದಿಯುತ್ತಾನೆ.

ಅವನ ಸಿಟ್ಟಿಗೆ ಕಾರಣವಿದೆ. ನಳಿಗೆಯ ತುದಿಯಲ್ಲಿ ಗೋಧಿ ಕಾಳಿನಷ್ಟು ಎತ್ತರದ ಒಂದು ಕಬ್ಬಿಣದ ಚೂರು ನಿಂತಿರುತ್ತದೆ. ಗುರಿ ಹಿಡಿಯುವಾಗ ಕಣ್ಣ ಹತ್ತಿರದ ಕಚ್ಚಿನ ನಡುವೆ ಈ ಚೂರನ್ನು ನಿಲ್ಲಿಸಿ, ಚೂರಿನ ನೆತ್ತಿಯ ಮೇಲೆ ಗುರಿಯನ್ನು ಕೂರಿಸಬೇಕು. ಅಪ್ಪ ಅದನ್ನು ಮಕ್ಖಿ ಎನ್ನುತ್ತಾನೆ, ಎಂದರೆ ನೊಣ. ಫೌಜಿನಲ್ಲಿ ಕಲಿತ ಮಾತು. ಆ ನೊಣ ಪೆಟ್ಟು ತಿಂದು ಕೂದಲೆಳೆಯಷ್ಟು ಸರಿದರೂ ಸಾಕು, ನೂರು ಮೀಟರಿನಲ್ಲಿ ಗುಂಡು ಗೇಣುದ್ದ ಆಚೆ ಬೀಳುತ್ತದೆ. ಆದ್ದರಿಂದ ಪ್ರತಿ ಚುನಾವಣೆಯ ನಂತರ ನಮ್ಮ ಮನೆಯಲ್ಲಿ ಒಂದು ಕೆಲಸ ಇದ್ದೇ ಇರುತ್ತದೆ. ಮೂರು ಗುಂಡು ಹೊಡೆದು, ಎಲ್ಲಿ ಬಿದ್ದವು ನೋಡಿ, ಮಕ್ಖಿಯನ್ನು ಸಣ್ಣ ಸುತ್ತಿಗೆಯಿಂದ ಟಕ್ ಟಕ್ ಎಂದು ಬಡಿದು ಸರಿಸಿ, ಮತ್ತೆ ಮೂರು ಗುಂಡು ಹೊಡೆಯುವುದು. ಅಪ್ಪನ ಮಾತಿನಲ್ಲಿ ಇದು ಗುರಿ ಕೂಡಿಸುವುದು.

ಅದು ಹೆಸರಿಗೆ ಬೇಟೆಯ ರೈಫಲ್ಲು. ಒಂದು ಬೇಟೆಯನ್ನೂ ಕಂಡಿಲ್ಲ. ಅಪ್ಪ ಫೌಜಿನಿಂದ ಬಂದ ಮೇಲೆ ಮಾನ್ವಿಯ ಒಂದು ಬ್ಯಾಂಕಿನ ಬಾಗಿಲಲ್ಲಿ ಗನ್‌ಮ್ಯಾನ್ ಆಗಿ ವರ್ಷಗಟ್ಟಲೆ ನಿಂತ. ಆಮೇಲೆ ಜಾಲಹಳ್ಳಿಯ ಹತ್ತಿರ ಕಾಲುವೆ ದಂಡೆಗೆ ನಾಲ್ಕೆಕರೆ ಹೊಲ ಮಾಡಿದ. ಶೇಂಗಾಕ್ಕೆ ಹಂದಿ ಬೀಳುತ್ತವೆ ಎಂದು ಬೆಳೆ ಕಾಯಲು ಪರವಾನಗಿ ಪಡೆದ. ಹಂದಿಯನ್ನು ಕೊಲ್ಲುವುದಲ್ಲ, ಮಣ್ಣಿನ ದಿಬ್ಬಕ್ಕೆ ಒಂದು ಗುಂಡು ಹೊಡೆದು ಓಡಿಸುವುದು. ನಮ್ಮಜ್ಜ ಇನ್ನೊಬ್ಬರ ಹೊಲದಲ್ಲಿ ದುಡಿದವನು, ಗೌಡರ ಬಂದೂಕನ್ನು ಅಂಗಳದ ಆಚೆಯಿಂದ ನೋಡಿದವನು. ನಮ್ಮ ಓಣಿಯಲ್ಲಿ ಬಂದೂಕು ಇರುವ ಮನೆ ನಮ್ಮದೊಂದೇ. ಅಪ್ಪ ಅದಕ್ಕೆ ಎಣ್ಣೆ ಒರೆಸುವಾಗ ಯಾರಾದರೂ ರಸ್ತೆಯಲ್ಲಿ ಹಾದುಹೋದರೆ ಒರೆಸುವುದು ಸ್ವಲ್ಪ ನಿಧಾನವಾಗುತ್ತದೆ. ನಾನು ನೋಡಿದ್ದೇನೆ, ನಕ್ಕಿದ್ದೇನೆ, ಬೈಸಿಕೊಂಡಿದ್ದೇನೆ.

ನಾನು ರಾಯಚೂರಿನಲ್ಲಿ ಹೈಸ್ಕೂಲಿನ ಗಣಿತದ ಟೀಚರು. ಹಿಂದಿನ ಚುನಾವಣೆ ಮುಗಿದು ಬಂದೂಕು ಮನೆಗೆ ಬಂದ ಮರುದಿನವೇ ಅಪ್ಪನ ಫೋನು ಬಂತು.

"ಶನಿವಾರ ಅರ್ಧ ದಿನ ಸಾಲಿ ಅಲ್ಲೇನು? ಮುಗಿಸ್ಕೊಂಡು ಬಾ. ನಂಗ ಎಪ್ಪತ್ತು ದಾಟಿದ್ವು. ಎಪ್ಪತ್ತು ದಾಟಿದವ್ರು ಬಂದೂಕು ಮಕ್ಕಳ ಹೆಸರಿಗೆ ಮಾಡಾಕ ಬರ್ತದಂತ."

"ನನ್ನ ಹೆಸರಿಗಾ? ನಾ ಚಾಕ್‌ಪೀಸ್ ಬಿಟ್ರ ಏನೂ ಹಿಡದಿಲ್ಲ ಯಪ್ಪಾ."

"ಅದಕ್ಕಾ ಬಾ ಅಂತೀನಿ. ಪರವಾನಗಿಯೊಳಗ ನಿನ್ನ ಹೆಸರು ಸೇರ್ಸೀನಿ, ಕಲಿಯಾಕ ಅಡ್ಡಿಯಿಲ್ಲ. ಆದ್ರ ಒಂದು ಮಾತು. ನೂರು ಮೀಟರಿಗೆ ಮೂರು ಗುಂಡು ಬೋಗಾಣಿ ಮುಚ್ಚಳದೊಳಗ ಬೀಳಬೇಕು. ಬಿದ್ರ ಬಂದೂಕು ನಿಂದು. ಬೀಳಲಿಲ್ಲಂದ್ರ ನಾ ಇರೋತನ ನಂದು, ಆಮ್ಯಾಲೆ ಸರಕಾರದ್ದು."

ಈ ಕಟ್ಟುನಿಟ್ಟು ಸುಮ್ಮನೆ ಅಲ್ಲ. ನಮ್ಮ ಹೊಲದ ಬದುವಿನ ಆಚೆ ಪಕ್ಕದ ಹೊಲದ ಗಂಡ ಹೆಂಡತಿ ಸುಗ್ಗಿ ಮುಗಿಯುವ ತನಕ ಗುಡಿಸಲು ಹಾಕಿಕೊಂಡು ಬೆಳೆ ಕಾಯುತ್ತಾರೆ. ಆ ಹೆಂಡತಿಯನ್ನು ನಾನು ಅಕ್ಕ ಎನ್ನುತ್ತೇನೆ. ಹೋದಾಗಲೆಲ್ಲ ಉಡಿ ತುಂಬ ಹಸಿ ಶೇಂಗಾ ಸುರಿಯುತ್ತಾಳೆ. ಗುಂಡು ಒಂದು ಮಾರು ತಪ್ಪಿದರೆ ಹಂದಿ ಉಳಿಯುತ್ತದೆ, ಅಕ್ಕ ಉಳಿಯುವುದಿಲ್ಲ. ಅಪ್ಪ ಮೊದಲ ದಿನವೇ ನನ್ನನ್ನು ಬದುವಿನ ಮೇಲೆ ನಿಲ್ಲಿಸಿ ಆ ಗುಡಿಸಲು ತೋರಿಸಿ, "ಮೊದ್ಲು ಇದನ್ನ ನೋಡು. ಗುರಿ ಆಮ್ಯಾಲೆ," ಎಂದ.

ಕಾಲುವೆ ತೋಡಿದಾಗ ತೆಗೆದ ಮಣ್ಣು ನಮ್ಮ ಹೊಲದ ತುದಿಯಲ್ಲಿ ಮನೆಯೆತ್ತರ ಬಿದ್ದಿದೆ. ಅದೇ ನಮ್ಮ ಗುರಿಯ ಜಾಗ. ಠಾಣೆಗೆ ಹೇಳಿ, ಅಕ್ಕನಿಗೆ ಕೂಗಿ ಹೇಳಿ ಶುರು ಮಾಡುತ್ತಿದ್ದೆವು. ನಾನು ರಾಯಚೂರಿನಿಂದ ಹಳೆಯ ಪ್ರಶ್ನೆಪತ್ರಿಕೆಗಳನ್ನು ತರುತ್ತಿದ್ದೆ. ಹಿಂಬದಿಗೆ ಇದ್ದಿಲಿನಿಂದ ಮುಚ್ಚಳದಷ್ಟು ದೊಡ್ಡ ವೃತ್ತ ಬರೆದು ಗೋಣಿಚೀಲಕ್ಕೆ ಅಂಟಿಸಿ ದಿಬ್ಬಕ್ಕೆ ಒರಗಿಸುವುದು. ಅಪ್ಪ ದೂರವನ್ನು ಹೆಜ್ಜೆಯಿಂದ ಅಳೆದ. ನಾನು ಟೇಪು ಹಿಡಿದು ನೋಡಿದರೆ ನೂರು ಮೀಟರಿಗೆ ಅರ್ಧ ಮೀಟರೂ ಹೆಚ್ಚುಕಡಿಮೆ ಇರಲಿಲ್ಲ. ಸೋತವಳ ಹಾಗೆ ಟೇಪು ಸುತ್ತಿಕೊಂಡೆ.

ಮೊದಲು ಅಪ್ಪ ತಾನೇ ಮಲಗಿ, ಹೊಡೆದು, ಮಕ್ಖಿ ಬಡಿದು ಗುರಿ ಕೂಡಿಸಿದ. ಆರನೆಯ ಗುಂಡಿನಿಂದ ವೃತ್ತದ ನಡುವೆಯೇ. ಎಪ್ಪತ್ತು ದಾಟಿದ ಮನುಷ್ಯ! ನನಗೆ ಎಷ್ಟು ಹೆಮ್ಮೆಯಾಯಿತೆಂದರೆ ಅಲ್ಲೇ ಚಪ್ಪಾಳೆ ತಟ್ಟಿದೆ. ಗುಂಡು ಹಾರಿದ ಮೇಲೆ ಅದರ ಖಾಲಿ ಹಿತ್ತಾಳೆ ಕೋಶಗಳು ಬಲಕ್ಕೆ ಚಿಮ್ಮುತ್ತವೆ. ಹೊಸ ಗುಂಡು ಕೊಳ್ಳುವಾಗ ಅವನ್ನು ತೋರಿಸಬೇಕು. ಆದ್ದರಿಂದ ಅಪ್ಪ ಹೊಡೆಯುವಾಗ ನಾನು ಅವನ ಬಲಕ್ಕೆ ಸ್ವಲ್ಪ ಹಿಂದೆ ಕೂತು ಹುಲ್ಲಿನಲ್ಲಿ ಹುಡುಕಿ ಆರಿಸುವುದು ರೂಢಿಯಾಯಿತು.

ನನ್ನ ಸರದಿ ಬಂತು. ಇಪ್ಪತ್ತೈದು ಮೀಟರು. ಮೂರು ಗುಂಡೂ ಒಂದರ ಪಕ್ಕ ಒಂದು ಬಿದ್ದವು, ಆದರೆ ನಡುವಿನಿಂದ ಎರಡು ಬೆರಳು ಬಲಕ್ಕೆ.

"ಟ್ರಿಗರ್ ಜಗ್ಗಾಕತ್ತಿ ನೀ. ಜಗ್ಗಬಾರ್ದು, ಹಿಂಡಬೇಕು. ಎಮ್ಮಿ ಹಿಂಡಿದಂಗ."

"ನಾ ಎಂದು ಎಮ್ಮಿ ಹಿಂಡೀನಿ? ಪಾಕೀಟು ಹಾಲು ಕುಡಿಯಾಕಿ ನಾ."

"ಅದಾ ನೋಡು ತಪ್ಪು!"

ಐವತ್ತು ಮೀಟರಿಗೆ ಹೋದೆವು. ಮತ್ತೆ ಬಲಕ್ಕೆ. ನೂರಕ್ಕೆ ಹೋದೆವು. ಅಯ್ಯೋ, ವೃತ್ತವನ್ನೇ ಬಿಟ್ಟು ಕಾಗದದ ಅಂಚಿಗೆ. ಅಪ್ಪ ಬೈದ, ನಾನು ಸಿಡುಕಿದೆ. ಅವ್ವ ಬುತ್ತಿ ಹೊತ್ತು ಬಂದು ಇಬ್ಬರ ನಡುವೆ ಇಟ್ಟು, "ಮೊದ್ಲು ಉಣ್ರಿ, ಹೊಟ್ಟಿ ತುಂಬಿದ ಮ್ಯಾಲೆ ಜಗಳಾಡ್ರಿ," ಎಂದಳು.

ಹೀಗೆ ಐದು ಶನಿವಾರ. ರಾಯಚೂರಿನ ಮನೆಯಲ್ಲಿ ಕಸಬರಿಗೆ ಹಿಡಿದು ಉಸಿರು ಬಿಗಿದು ಬೆರಳು ಹಿಂಡುವುದನ್ನು ಅಭ್ಯಾಸ ಮಾಡಿದೆ. ನನ್ನ ಗಂಡ ನೋಡಿ ನಕ್ಕ. ಅದೇ ಕಸಬರಿಗೆಯ ಬೇರೆ ಉಪಯೋಗ ಹೇಳಿದ ಮೇಲೆ ಸುಮ್ಮನಾದ. ಆದರೂ ನನ್ನ ಗುಂಡುಗಳು ಬಲಕ್ಕೇ ಹೋದವು. ಅಪ್ಪನವು ಅದೇ ಬಂದೂಕಿನಿಂದ ನಡುವಿಗೇ ಹೋದವು. ಐದನೆಯ ಶನಿವಾರ ಅವನು ಬೈಯಲೂ ಇಲ್ಲ. "ಇರಲಿ ಬಿಡು ಮಗಳ, ಎಲ್ಲಾರಿಗೂ ಬರಂಗಿಲ್ಲ ಅದು," ಎಂದ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಬಸ್ಸಿನಲ್ಲಿ ಕಿಟಕಿಯ ಕಡೆ ತಿರುಗಿ ಅತ್ತೆ. ನನಗೆ ಆ ಬಂದೂಕು ಬೇಕಿತ್ತು. ಹೊಡೆಯುವ ಆಸೆಗಲ್ಲ, ಅಪ್ಪ ತನ್ನ ಕೈಯಾರೆ ಕೊಡಲಿ ಎಂಬ ಆಸೆಗೆ.

ಅಳು ಮುಗಿದ ಮೇಲೆ ಚೀಲದಿಂದ ಕಾಗದಗಳನ್ನು ತೆಗೆದೆ. ತೂತುಗಳ ಸುತ್ತ ಪೆನ್ನಿನಿಂದ ಗುಂಡಗೆ ಬರೆದೆ. ಇಪ್ಪತ್ತೈದು ಮೀಟರಿಗೆ ಎರಡು ಬೆರಳು, ಐವತ್ತಕ್ಕೆ ನಾಲ್ಕು, ನೂರಕ್ಕೆ ಎಂಟು. ಐದೂ ವಾರ ಹಾಗೇ. ಗಬ್ಬೂರು ಬರುವ ಹೊತ್ತಿಗೆ ನಾನು ಸೀಟಿನಲ್ಲಿ ನೆಟ್ಟಗೆ ಕೂತಿದ್ದೆ. ಹತ್ತನೇ ತರಗತಿಗೆ ಸಮರೂಪ ತ್ರಿಕೋನ ಹೇಳಿಕೊಡುವವಳು ನಾನು! ತಪ್ಪು ಕೈಯದಾಗಿದ್ದರೆ ಒಮ್ಮೆ ಹೀಗೆ ಒಮ್ಮೆ ಹಾಗೆ ಚೆಲ್ಲಾಡಬೇಕು. ದೂರ ಇಮ್ಮಡಿಯಾದಾಗ ತಪ್ಪೂ ಸರಿಯಾಗಿ ಇಮ್ಮಡಿಯಾದರೆ ಅದು ಕೈಯದಲ್ಲ, ಕೋನದ್ದು. ಮಕ್ಖಿಯೇ ಎಡಕ್ಕೆ ಸರಿದು ಕೂತಿದೆ.

ನಾನು ಗೆದ್ದೆ ಎಂದು ನಕ್ಕೆ. ಆ ನಗು ಕಲ್ಮಲಾ ದಾಟುವ ತನಕವೂ ಉಳಿಯಲಿಲ್ಲ. ಮಕ್ಖಿ ತಪ್ಪಿದ್ದರೆ ಅಪ್ಪನ ಗುಂಡು ನಡುವಿಗೆ ಹೇಗೆ ಬೀಳುತ್ತದೆ? ಅಪ್ಪ ನೋಡುವುದೂ ಅಷ್ಟೇ ತಪ್ಪಿದ್ದರೆ ಮಾತ್ರ ಬೀಳುತ್ತದೆ.

ಆರನೆಯ ಶನಿವಾರ ಅಪ್ಪ ಮಲಗಿ ಗುರಿ ಹಿಡಿದಾಗ ನಾನು ಕೋಶ ಆರಿಸುವ ಜಾಗ ಬಿಟ್ಟು ಎಡಕ್ಕೆ ಹೋಗಿ ಕೂತೆ. ಬಲಗಡೆಯಿಂದ ನೋಡಿದರೆ ಅವನ ಬಲಗಣ್ಣು ತೆರೆದೇ ಇರುತ್ತಿತ್ತು, ನನಗೆ ಯಾವ ಅನುಮಾನವೂ ಬಂದಿರಲಿಲ್ಲ. ನನಗೆ ಕಲಿಸಿದ್ದು ಎಡಗಣ್ಣು ಮುಚ್ಚು ಎಂದು. ಎಡಗಡೆಯಿಂದ ನೋಡುತ್ತೇನೆ, ಅಪ್ಪನ ಎಡಗಣ್ಣು ಅಗಲವಾಗಿ ತೆರೆದಿದೆ. ಕೆನ್ನೆ ಬಂದೂಕಿನ ಕಟ್ಟಿಗೆಗೆ ತಾಗಿಲ್ಲ, ತಲೆ ಅದರ ಮೇಲಿಂದ ಹೊರಳಿ ಎಡಗಣ್ಣಿನಿಂದ ಮಕ್ಖಿಯನ್ನು ಹುಡುಕುತ್ತಿದೆ. ಹತ್ತಿರದ ಕಚ್ಚನ್ನು ಅವನು ನೋಡುತ್ತಲೇ ಇಲ್ಲ. ಹೊಡೆದು ಎದ್ದು ನನ್ನ ಕಡೆ ತಿರುಗಿದಾಗ ಬಲಗಣ್ಣಿನ ಬೊಂಬೆಯಲ್ಲಿ ಬಿಳಿ ಪೊರೆ ಕಂಡಿತು. ಇಷ್ಟು ದಿನ ಅದನ್ನು ನಾನೇಕೆ ನೋಡಲಿಲ್ಲ ಎಂದು ನನ್ನ ಮೇಲೇ ಕೆಟ್ಟ ಸಿಟ್ಟು ಬಂತು.

ಮನೆಗೆ ಬಂದು ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ಅವ್ವನ ಪಕ್ಕ ಕೂತೆ.

"ಯವ್ವಾ, ಯಪ್ಪಗ ಬಲಗಣ್ಣು ಕಾಣಂಗಿಲ್ಲ."

ಅವ್ವ ಬಡಿಯುವುದನ್ನು ನಿಲ್ಲಿಸಲಿಲ್ಲ. "ಎರಡು ವರ್ಷ ಆತು. ಚಾ ಬಲಕ್ಕ ಇಟ್ರ ತಡಕಾಡ್ತಾನ. ನಾ ಈಗ ಎಡಕ್ಕಾ ಇಡ್ತೀನಿ."

"ಎರಡು ವರ್ಷ! ದವಾಖಾನಿಗೆ ಕರ್ಕೊಂಡು ಹೋಗಬಾರ್ದಾಗಿತ್ತಾ? ಬಂದೂಕು ಹಿಡದು ಹೊಲಕ್ಕ ಹೋಗ್ತಾನಲ್ಲಬೇ! ಆ ಅಕ್ಕ ಅಲ್ಲೇ ಇರ್ತಾಳ!"

"ಒಂದು ಕಣ್ಣಿಲ್ಲಂದ್ರ ಬಂದೂಕು ಕಸಗೋತಾರಂತ ಅಂವ ಅಂಜ್ಯಾನ. ನಂಗ ಆಣಿ ಹಾಕ್ಸ್ಯಾನ. ನಿಂಗೇನು ಆಣಿ ಹಾಕ್ಸಿಲ್ಲಲ್ಲ. ನೀ ಕೇಳು." ಅವಳ ಮುಖದಲ್ಲಿ ಗಾಬರಿ ಇರಲಿಲ್ಲ, ಅದು ನನ್ನ ಸಿಟ್ಟನ್ನು ಇನ್ನೂ ಏರಿಸಿತು.

ಅಷ್ಟರಲ್ಲಿ ಹೊರಗೆ ಪಕ್ಕದ ಹೊಲದ ಅಕ್ಕನ ದನಿ. "ಕಾಕಾ, ಹಂದಿ ಹೆಜ್ಜಿ ಬಿದ್ದಾವ ನೋಡ್ರಿ. ಹೊತ್ತು ಮುಳುಗೋದ್ರಾಗ ಬರ್ತಾವ. ನೀವು ಬರ್ರಿ, ನಿಮ್ಮ ಸಪ್ಳಕ್ಕ ಓಡ್ತಾವ."

ಅಪ್ಪ ಬಂದೂಕು ಹೆಗಲಿಗೇರಿಸಿ ಹೊಸ್ತಿಲು ದಾಟುವುದಕ್ಕೆ ಬಂದ. ನಾನು ಅಡ್ಡ ನಿಂತೆ. ಅಕ್ಕ ಹೋಗುವ ತನಕ ಕಾದು ಹೇಳಿಯೇಬಿಟ್ಟೆ.

"ನೀ ಹೋಗಬಾರ್ದು. ನಿನ್ನ ಬಲಗಣ್ಣು ಹೋಗ್ಯದ. ಎಡಗಣ್ಣಿಲೆ ಗುರಿ ಹಿಡೀತಿ, ಅದಕ್ಕ ತಕ್ಕಂಗ ಮಕ್ಖಿ ಹೊರಳ್ಸೀದಿ. ಬಂದೂಕು ನಿನ್ನ ತಪ್ಪಿಗೆ ಸರಿ ಆಗ್ಯದ, ಅದಕ್ಕಾ ನಂಗ ತಪ್ಪಾಕತ್ತದ."

"ಯಾರು ಹೇಳಿದ್ರು?"

"ತ್ರಿಕೋನ ಹೇಳ್ತು!"

ಕಾಗದಗಳನ್ನು ಅವನ ಮುಂದೆ ಹರಡಿದೆ. ಎರಡು ಬೆರಳು, ನಾಲ್ಕು, ಎಂಟು. ಅಪ್ಪ ಕಾಗದವನ್ನು ಎಡಗಣ್ಣಿಗೆ ಹತ್ತಿರ ಹಿಡಿದು ನೋಡಿದ. ನಾನು ನೋಡುತ್ತಿದ್ದೇನೆ ಎಂದು ಗೊತ್ತಾಗಿ ಕೆಳಗಿಟ್ಟ. ಕೂಗಾಡುತ್ತಾನೆ ಎಂದು ನಾನು ಸಜ್ಜಾಗಿದ್ದೆ. ಅವನು ದಿಬ್ಬದ ಕಡೆ ನಡೆದ. ಬಿಸಿಲು ಇನ್ನೂ ಇತ್ತು. ನಾನು ಹಿಂದೆಯೇ ಓಡಿದೆ.

ನೂರು ಮೀಟರಿನ ಕಲ್ಲಿನ ಹತ್ತಿರ ಕುಕ್ಕರುಗಾಲಲ್ಲಿ ಕೂತು ಬಂದೂಕನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡ.

"ಬಂದೂಕಿಗೆ ಒಂದಾ ಮಕ್ಖಿ ಮಗಳ. ನಿನ್ನ ಕಣ್ಣಿಗೆ ಕೂಡಿಸಿದ್ರ ನಂಗ ಉಪಯೋಗಿಲ್ಲ."

"ಬ್ಯಾಡ ಬಿಡು ಯಪ್ಪಾ" ಎನ್ನಬೇಕೆನಿಸಿತು. ಅನ್ನಲಿಲ್ಲ. ಬದುವಿನ ಆಚೆಯ ಗುಡಿಸಲು ಕಾಣುತ್ತಿತ್ತು.

ಅಪ್ಪ ಕಿಸೆಯಿಂದ ಸುತ್ತಿಗೆ ತೆಗೆದ. ಎಡಗೈ ಹೆಬ್ಬೆರಳನ್ನು ಮಕ್ಖಿಗೆ ಆನಿಸಿಕೊಂಡು, ನೋಡದೆಯೇ, ಬಲಕ್ಕೆ ಸರಿಯುವ ಹಾಗೆ ಬಡಿದ. ಮೂರು ಪೆಟ್ಟು. ಬಂದೂಕನ್ನು ನನ್ನ ಕೈಗೆ ಕೊಟ್ಟ. ನಾನು ಗುಂಡು ತುಂಬಿ, ಮಲಗಿ ಹೊಡೆದೆ. ಹೋಗಿ ನೋಡಿದರೆ ಇನ್ನೂ ಎರಡು ಬೆರಳು ಬಲಕ್ಕೆ. ಇನ್ನೊಂದು ಪೆಟ್ಟು. ಆಮೇಲೆ ಮೂರು ಗುಂಡು ಹೊಡೆದು ಓಡಿದೆ. ಮೂರೂ ವೃತ್ತದ ಒಳಗೆ! ಒಂದು ರೂಪಾಯಿಯ ನಾಣ್ಯಗಳನ್ನು ಒಟ್ಟಿಗೆ ಇಟ್ಟ ಹಾಗೆ. ನಲವತ್ತು ದಾಟಿದ ಟೀಚರು ಹೊಲದ ನಡುವೆ ಕುಣಿದಳು ಎಂದು ಅಕ್ಕ ಈಗಲೂ ಎಲ್ಲರಿಗೂ ಹೇಳುತ್ತಾಳೆ.

ಕಾಗದವನ್ನು ಹಿಡಿದು ಅಪ್ಪನ ಹತ್ತಿರ ಬಂದೆ. ಅವನು ತೂತುಗಳ ಮೇಲೆ ಬೆರಳಾಡಿಸಿದ.

"ನಿನ್ನ ಗುಂಡು ತಪ್ಪಾಕ ನನ್ನ ಕಣ್ಣು ಕಾರಣ ಅಂತ ಖರೇನಾ ಗೊತ್ತಿರ್ಲಿಲ್ಲ ಮಗಳ. ಐದು ವಾರ ಬೈದೆ ನೋಡು ಸುಮ್ಮಸುಮ್ಮನ."

"ಬೈದಿದ್ದು ಹೋಗ್ಲಿ. ಎರಡು ವರ್ಷ ಒಂದಾ ಕಣ್ಣಿಲೆ ಹಂದಿ ಓಡಿಸಾಕ ಹೋಗೀದಿ. ಆ ಅಕ್ಕಗೇನಾರ ಆಗಿದ್ರ?"

ಅಪ್ಪ ತಲೆಯೆತ್ತಿದ. ಅವನ ದನಿಯಲ್ಲಿ ಸಿಟ್ಟಿತ್ತು, ಬ್ಯಾಂಕಿನ ಬಾಗಿಲಲ್ಲಿ ನಿಂತವನ ಸಿಟ್ಟು. "ನಾ ಫೌಜಿನ್ಯಾಗಿದ್ದವ. ಕಾಣಲಾರದ ಕಣ್ಣಿಟ್ಕೊಂಡು ಮಂದಿ ಇರೋ ಕಡೆ ಗುಂಡು ಹಾರಸ್ತೀನೇನಲೇ? ಎರಡು ವರ್ಷದಾಗ ಒಂದು ಗುಂಡು ಹಂದಿಗಂತ ಹೊಡದಿಲ್ಲ ನಾ. ಹೊಡದದ್ದೆಲ್ಲಾ ಇಲ್ಲೇ, ಹಗಲೊತ್ತು, ಈ ದಿಬ್ಬಕ್ಕ."

"ಮತ್ತ ಹಂದಿ ಓಡ್ತಾವಂತ ಅಕ್ಕ ಹೇಳೋ ಸಪ್ಳ?"

ಅಪ್ಪ ಇನ್ನೊಂದು ಕಿಸೆಗೆ ಕೈ ಹಾಕಿ ಎರಡು ಗರ್ನಾಲು ಪಟಾಕಿ ತೆಗೆದು ಹಿಡಿದ. "ನಿಮ್ಮವ್ವ ಜಾಲಹಳ್ಳಿ ಸಂತಿಯಿಂದ ತಂದು ಕೊಡ್ತಾಳ. ಹಂದಿಗೇನು ಗೊತ್ತಾಗ್ತದ? ಬಂದೂಕು ಬರೀ ಹೆಗಲಿಗೆ, ಮಂದಿ ನೋಡ್ಲಿ ಅಂತ."

ಒಲೆಯ ಮುಂದೆ ಗಾಬರಿಯಿಲ್ಲದೆ ಕೂತಿದ್ದ ಅವ್ವನ ಮುಖ ಈಗ ಅರ್ಥವಾಯಿತು. ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

"ಹಂಗಾದ್ರ ಗುರಿ ಯಾಕ ಕೂಡಿಸ್ತಿದ್ದಿ? ಆರು ವಾರ ನನ್ನ ಮುಂದ ಹೊಡದು ಯಾಕ ತೋರಿಸಿದಿ?"

"ಕುರುಡ ಕಲಿಸ್ತೀನಿ ಬಾ ಅಂದಿದ್ರ ನೀ ಬರ್ತಿದ್ದೇನು? ಪೂರಾ ಕಣ್ಣು ಹೋಗೋದ್ರೊಳಗ ನಿನ್ನ ಕೈಗೆ ಕೊಡಬೇಕಿತ್ತವ್ವಾ."

ನಾನು ಬಂದೂಕನ್ನು ಎದೆಗೆ ಅಪ್ಪಿಕೊಂಡು ಗೊಳೋ ಎಂದು ಅತ್ತೆ. ಸೋಮವಾರವೇ ರಜೆ ಹಾಕುತ್ತೇನೆ, ರಾಯಚೂರಿನ ಕಣ್ಣಿನ ದವಾಖಾನೆಗೆ ಹೋಗೋಣ, ಪೊರೆ ತೆಗೆಸಿದರೆ ಮತ್ತೆ ಕಾಣುತ್ತದೆ ಎಂದು ಏನೇನೋ ಅಂದೆ. ಅಪ್ಪ ನನ್ನ ಕೈಯಲ್ಲಿದ್ದ ಬಂದೂಕಿನ ನಳಿಗೆಯನ್ನು ದಿಬ್ಬದ ಕಡೆ ತಿರುಗಿಸಿದ.

"ಬಂದೂಕು ಹಿಡ್ಕೊಂಡು ಅಳಬಾರ್ದು," ಎಂದ. "ಮೊದ್ಲು ಖಾಲಿ ಮಾಡು."

ಕಣ್ಣೊರೆಸಿಕೊಂಡು ಬಂದೂಕಿನ ಬೋಲ್ಟ್ ಹಿಂದಕ್ಕೆಳೆದು ತೆರೆದು, ಖಾಲಿ ಇದೆ ನೋಡು ಎಂದು ಅವನ ಮುಖದ ಮುಂದೆ ಹಿಡಿದೆ. ಅಪ್ಪ ನೋಡಲಿಲ್ಲ. ಕಿರುಬೆರಳನ್ನು ಗುಂಡು ಕೂರುವ ಗೂಡಿನೊಳಗೆ ಇಳಿಸಿ, ಸುತ್ತ ಆಡಿಸಿ, ಒಳಗೆ ಏನೂ ಇಲ್ಲವೆಂದು ಮುಟ್ಟಿ ನೋಡಿದ.

"ಹೂಂ, ಖಾಲಿ ಅದ. ಈಗ ಅಳು," ಎಂದ.